ಕೋಚ್ ಹೋದ ಮೇಲೆ ಎಡಗಾಲಿನ ಲೆಕ್ಕ

ಊರಿನ ಫುಟ್ಬಾಲ್ ಕೋಚ್ ತೀರಿಕೊಂಡರೆ ಕೊಡಗಿನ ಕಡೆ ಮೂರು ಕೆಲಸ ತಪ್ಪದೆ ನಡೆಯುತ್ತವೆ. ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್ ಏಳುತ್ತದೆ. ಶಾಲೆ ಮೈದಾನದಲ್ಲೋ ಸಮುದಾಯ ಭವನದಲ್ಲೋ ಸಂತಾಪ ಸಭೆ ಸೇರುತ್ತದೆ. ಬರುವ ಮೇ ತಿಂಗಳಿಗೆ ಅವರ ಹೆಸರಲ್ಲೊಂದು ಕಪ್ ಘೋಷಣೆಯಾಗುತ್ತದೆ. ಮೈಕ್ ಹಿಡಿದವರೆಲ್ಲ ಶಿಸ್ತಿನ ಸಿಪಾಯಿ, ತಂದೆ ಸಮಾನ, ತುಂಬಲಾರದ ನಷ್ಟ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಈ ಮೂರೂ ಮಾತು ನಿವೃತ್ತ ಹೆಡ್ಮಾಸ್ಟರಿಗೂ ಸಲ್ಲುತ್ತವೆ, ಸಹಕಾರ ಸಂಘದ ಅಧ್ಯಕ್ಷರಿಗೂ ಸಲ್ಲುತ್ತವೆ. ಫುಟ್ಬಾಲಿನ ನೆನಪು ಶುರುವಾಗುವುದು ಸಭೆ ಮುಗಿದು, ಶಾಮಿಯಾನದ ಹಿಂದೆ ಕಾಫಿ ಲೋಟ ಕೈಗೆ ಬಂದ ಮೇಲೆ. ಐವತ್ತು ದಾಟಿದ, ಒಂದು ಕಾಲದಲ್ಲಿ ನಡುಮೈದಾನದಲ್ಲಿ ಆಡುತ್ತಿದ್ದ ಹಳೇ ಹಾಫ್‌ಬ್ಯಾಕ್ ಒಬ್ಬ ಲೋಟ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಇಲ್ಲದ ಚೆಂಡಿನ ಪಕ್ಕ ಬಲಗಾಲು ಊರಿ ತೋರಿಸುತ್ತಾನೆ: ಗೋಡೆಗೆ ಎಡಗಾಲಲ್ಲಿ ಐವತ್ತು, ಒಂದು ತಪ್ಪಿದರೆ ಮತ್ತೆ ಒಂದರಿಂದ. ಸುತ್ತ ನಿಂತವರಲ್ಲಿ ನಾಲ್ಕು ಜನ ತಲೆಯಾಡಿಸುತ್ತಾರೆ. ಅವರ ಬಲಗಾಲೂ ತಮಗೆ ಗೊತ್ತಿಲ್ಲದೆ ಅಂಥದ್ದೇ ಜಾಗದಲ್ಲಿ ಊರಿರುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೇಶದ ಫುಟ್ಬಾಲೇ ಸಾಕ್ಷಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಅವರ ಕೈಕೆಳಗೆ ಭಾರತ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಆತಿಥೇಯ ಆಸ್ಟ್ರೇಲಿಯಾಕ್ಕೆ ಮೂರು ಗೋಲು ಹೊಡೆದರು, ತಂಡ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ. ಮರುವರ್ಷ, 1963ರ ಜೂನ್ 11ರಂದು, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಆ ಜಕಾರ್ತಾ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದ ಗೋವಾದ ಫೋರ್ಚುನಾಟೊ ಫ್ರಾಂಕೊ ಮುಂದೆ ಒಂದು ಮಾತು ಹೇಳಿದ್ದರು: ಭಾರತದ ಫುಟ್ಬಾಲಿನ ಕೀಲಿಕೈಯನ್ನು ರಹೀಂ ಸಾಹೇಬರು ತಮ್ಮ ಜೊತೆ ಗೋರಿಗೇ ಒಯ್ದುಬಿಟ್ಟರು ಎಂಬರ್ಥದ ಮಾತು. ಭಾವುಕತೆ ಅಂದುಕೊಳ್ಳಬಹುದು. ಆದರೆ ಆಮೇಲೆ ಏಷ್ಯನ್ ಗೇಮ್ಸ್‌ನಲ್ಲಿ ನಮಗೆ ಸಿಕ್ಕಿದ್ದು 1970ರ ಬ್ಯಾಂಕಾಕಿನ ಒಂದು ಕಂಚು, ಅಷ್ಟೇ. ಫ್ರಾಂಕೊ ಕೂಡ 2021ರಲ್ಲಿ ಹೋದರು. ಅದೇ ವರ್ಷ ರಹೀಂ ಅವರ ಮಗ, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಸೈಯದ್ ಶಾಹಿದ್ ಹಕೀಂ ಕೂಡ. ಕಣ್ಣಾರೆ ಕಂಡವರ ಸಾಲು ಹೀಗೆ ಒಬ್ಬೊಬ್ಬರಾಗಿ ಕರಗುತ್ತದೆ.

ಕೀಲಿಕೈ ಎಂದರೇನು ಎಂದು ಹುಡುಕಿದರೆ ಕೈಗೆ ಸಿಗುವ ಚೂರುಗಳು ಕುತೂಹಲದವು. ರಹೀಂ ಹೈದರಾಬಾದಿನಲ್ಲಿ ದುರ್ಬಲ ಕಾಲಿನ ಪಂದ್ಯಾವಳಿ ನಡೆಸುತ್ತಿದ್ದರು. ಬಲಗಾಲಿನವನು ಎಡಗಾಲಲ್ಲಿ ಮಾತ್ರ ಹೊಡೆಯಬೇಕು, ಎಡಗಾಲಿನವನು ಬಲದಲ್ಲಿ. ಡ್ರಿಬ್ಲಿಂಗ್ ಮಾಡಲೇಬಾರದು ಅನ್ನುವ ಪಂದ್ಯಗಳೂ ಇದ್ದವು: ಚೆಂಡು ಬಂದ ಕೂಡಲೇ ಕೊಡು, ಓಡು. ಆಗಿನ ನಮ್ಮ ಆಟಗಾರನಿಗೆ ಚೆಂಡು ಕಾಲಿಗಂಟಿಸಿಕೊಂಡು ಓಡುವುದೇ ಕಲೆ. ಅವನಿಂದ ಅದನ್ನೇ ಕಿತ್ತುಕೊಂಡು ಆಡಿಸುವುದು ಬೈಗುಳಕ್ಕಿಂತ ಒಳ್ಳೆ ಪಾಠ. ಜಕಾರ್ತಾದ ನಿರ್ಧಾರಗಳು ಇನ್ನೂ ಬಿಗಿ. ಮುಂದೆ ಫೈನಲ್‌ನಲ್ಲಿ ಎದುರಾದ ದಕ್ಷಿಣ ಕೊರಿಯಾವೇ ಗುಂಪಿನ ಹಂತದಲ್ಲಿ ಭಾರತವನ್ನು 2-0ಯಿಂದ ಸೋಲಿಸಿತ್ತು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಅವರನ್ನು ಬೆಂಚಿನಲ್ಲಿ ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಒಂದು ಗೋಲು, ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಮತ್ತೊಂದು. ಗೋಲಿಗೆ ಎತ್ತರದ ಪೀಟರ್ ತಂಗರಾಜರನ್ನು ನಿಲ್ಲಿಸಿದರು. ಸೆಪ್ಟೆಂಬರ್ 4ರ ಆ ಫೈನಲ್ 2-1ಕ್ಕೆ ಮುಗಿಯಿತು. ಮೊದಲ ಗೋಲು ಪಿ.ಕೆ. ಬ್ಯಾನರ್ಜಿಯದು.

ಇವೆಲ್ಲ ಉಳಿದದ್ದು ಆಟಗಾರರು ಹೇಳಿದ್ದರಿಂದ, ಫುಟ್ಬಾಲ್ ಹುಚ್ಚಿನ ಕೆಲವರು ಕಾಡಿ ಬೇಡಿ ಬರೆದುಕೊಂಡಿದ್ದರಿಂದ. ಆದರೆ ದುರ್ಬಲ ಕಾಲಿನ ಪಂದ್ಯ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ, ತಪ್ಪು ಕಾಲಲ್ಲಿ ಹೊಡೆದರೆ ಫ್ರೀ ಕಿಕ್ ಕೊಡುತ್ತಿದ್ದರೋ ಹೊರಗೆ ಕಳಿಸುತ್ತಿದ್ದರೋ, ಇಂಥ ಪ್ರಶ್ನೆಗೆ ಈಗ ಉತ್ತರ ಹೇಳುವವರು ಸಿಗುವುದು ಕಷ್ಟ. ಪದಕಕ್ಕೆ ದಾಖಲೆ ಇರುತ್ತದೆ. ಮಂಗಳವಾರದ ಪ್ರಾಕ್ಟೀಸಿಗೆ ಇರುವುದಿಲ್ಲ.

ಕೊಡಗಿನಲ್ಲಿ ಇದು ಇನ್ನೂ ಹೆಚ್ಚು ಕಾಡಬೇಕಾದ ವಿಷಯ. ನಮ್ಮದು ಹಾಕಿ ನಾಡು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿಯಲ್ಲಿ ಯಾವ ವರ್ಷ ಯಾವ ಒಕ್ಕ, ಅಂದರೆ ಯಾವ ಮನೆತನ ಗೆದ್ದಿತು ಎಂಬುದು ಮನೆತನದ ಹಿರಿಮನೆಗಳಾದ ಎಷ್ಟೋ ಐನ್‌ಮನೆಗಳಲ್ಲಿ ಬಾಯಿಪಾಠ. ಫುಟ್ಬಾಲಿಗೆ ಆ ಯೋಗವಿಲ್ಲ. ಸುಂಟಿಕೊಪ್ಪ, ಸಿದ್ದಾಪುರ, ನೆಲ್ಯಹುದಿಕೇರಿ, ಪಾಲಿಬೆಟ್ಟದ ಕಡೆ ಅದು ಬೆಳೆದದ್ದು ತೋಟದ ಕಾರ್ಮಿಕರ ಲೈನ್‌ಮನೆಗಳ ಹುಡುಗರಿಂದ, ಸಂತೆ ಬೀದಿಯ ಅಂಗಡಿ ಹುಡುಗರಿಂದ, ಗಡಿಯಾಚೆ ಕಣ್ಣೂರು ವಯನಾಡಿನ ಸೆವೆನ್ಸ್ (ಏಳೇಳು ಜನರ ಫುಟ್ಬಾಲ್) ಗಾಳಿಯಿಂದ. ಕೋಚ್ ಅಂದರೆ ಸಂಬಳದ ಹುದ್ದೆಯಲ್ಲ. ಬೆಳಿಗ್ಗೆ ಎಸ್ಟೇಟ್ ಕೆಲಸ, ಸಂಜೆ ಐದಕ್ಕೆ ಸೀಟಿ. ಅಂಥವರ ಹತ್ತಿರ ಪಾಠದ ಪುಸ್ತಕ ಇರುವುದಿಲ್ಲ. ಅವರ ಪಾಠ ಇರುವುದು ಕಲಿತವರ ಮೊಣಕಾಲಲ್ಲಿ, ಕಣಕಾಲಲ್ಲಿ.

ಆ ಎಡಗಾಲಿನ ಪಾಠವನ್ನೇ ಹತ್ತಿರದಿಂದ ನೋಡೋಣ. ಬಲಗಾಲಿನ ಹುಡುಗ ಎಡಗಾಲಲ್ಲಿ ಹೊಡೆದಾಗ ಚೆಂಡು ಕಾಗೆ ಹಾರಿದಂತೆ ಹಾರಿದರೆ, ಎಲ್ಲರೂ ಎಡಗಾಲನ್ನು ಬೈಯುತ್ತಾರೆ. ತಪ್ಪು ಮಾಡಿದ್ದು ಬಲಗಾಲು. ಹುಟ್ಟಿದಾಗಿನಿಂದ ಹೊಡೆಯುವ ಕೆಲಸ ಮಾಡಿಕೊಂಡು ಬಂದ ಕಾಲಿಗೆ ನಿಲ್ಲುವ ಕೆಲಸ ಗೊತ್ತಿಲ್ಲ. ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬಿದ್ದಾಗ ಅದು ಗಾಬರಿಯಾಗಿ ಚೆಂಡಿಗೆ ದೂರದಲ್ಲಿ, ಒಂದಿಷ್ಟು ಹಿಂದೆ ಊರುತ್ತದೆ. ಊರಿದ ಕಾಲು ಹಿಂದಾದರೆ ಎದೆ ಹಿಂದಕ್ಕೆ ವಾಲುತ್ತದೆ, ಹೊಡೆಯುವ ಪಾದ ಚೆಂಡಿನ ಕೆಳಗೆ ಹೊಕ್ಕುತ್ತದೆ, ಚೆಂಡು ಮೇಲೇಳುತ್ತದೆ. ದೂರವಾದರೆ ಕಾಲು ಚಾಚಿ ಹೊಡೆಯಬೇಕಾಗುತ್ತದೆ, ಬಲ ಹೋಗುತ್ತದೆ. ಊರಿದ ಪಾದದ ಹೆಬ್ಬೆರಳು ಎತ್ತ ತಿರುಗಿದೆಯೋ ಚೆಂಡು ಬಹುಮಟ್ಟಿಗೆ ಅತ್ತ ಹೋಗುತ್ತದೆ, ಯಾಕೆಂದರೆ ಸೊಂಟ ಆ ಪಾದದ ಹಿಂದೆಯೇ ತಿರುಗುವುದು.

ಹಾಗಾಗಿ ಅನುಭವಿ ಕೋಚ್ ಎಡಗಾಲು ಕಲಿಸುವುದನ್ನು ಚೆಂಡಿಲ್ಲದೆ ಶುರು ಮಾಡುತ್ತಾನೆ. ಬಲಗಾಲೊಂದರ ಮೇಲೆ, ಮೊಣಕಾಲು ಸ್ವಲ್ಪ ಬಗ್ಗಿಸಿ, 30 ಸೆಕೆಂಡು ನಿಲ್ಲುವುದು. ಆಮೇಲೆ ಎರಡು ಹೆಜ್ಜೆ ಓಡಿ ಬಂದು ಬಲಗಾಲು ಊರಿ ಅಲ್ಲೇ ಕಲ್ಲಿನಂತೆ ನಿಲ್ಲುವುದು, ಅಲ್ಲಾಡದೆ ಹತ್ತು ಸಲ. ಇದು ಬಂದ ಮೇಲೆ ಗೋಡೆ. ಗೋಡೆಯಿಂದ ಮೂರು ಮೀಟರ್, ಪಾದದ ಒಳಬದಿ, ಕಣಕಾಲು ಬಿಗಿ. 5ನೇ ನಂಬರ್ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಅಡ್ಡಳತೆ ಸುಮಾರು 22. ಅಂದರೆ ದೊಡ್ಡವರ ಒಂದು ಗೇಣು. ಪಾಸಿಗೆ ಊರಿದ ಕಾಲಿಗೂ ಚೆಂಡಿಗೂ ನಡುವೆ ನಾಲ್ಕು ಬೆರಳು ಸಾಕು, ಬಲವಾದ ಹೊಡೆತಕ್ಕೆ ಹೆಚ್ಚೆಂದರೆ ಒಂದು ಗೇಣು. ಐವತ್ತು ಹೊಡೆತ ಲೆಕ್ಕ ಸರಿಯಾದ ಲೆಕ್ಕವೇ. ಅದಕ್ಕಿಂತ ಹೆಚ್ಚಾದರೆ ಊರುವ ಕಾಲು ದಣಿದು ಕೊನೆಯ ಹೊಡೆತಗಳೆಲ್ಲ ತಪ್ಪು ರೂಢಿಯನ್ನೇ ಕಲಿಸುತ್ತವೆ. ತಪ್ಪಿದರೆ ಮತ್ತೆ ಒಂದರಿಂದ ಅನ್ನುವ ಶಿಕ್ಷೆಯನ್ನು ಮಾತ್ರ ಒಪ್ಪುವುದು ಕಷ್ಟ. ನಲವತ್ತೊಂಬತ್ತನೆಯದು ತಪ್ಪಿದ ಹನ್ನೊಂದು ವರ್ಷದ ಹುಡುಗ ಆ ಸಂಜೆ ತೊಂಬತ್ತೊಂಬತ್ತು ಹೊಡೆಯುತ್ತಾನೆ, ಮರುದಿನ ಬರುವುದಿಲ್ಲ. ಹತ್ತು ಹತ್ತರ ಐದು ಕಂತು ಮಾಡಿ, ತಪ್ಪಿದರೆ ಆ ಕಂತನ್ನಷ್ಟೇ ಮತ್ತೆ ಹೊಡೆಸಿದರೆ ಸಾಕು.

ಗೋಡೆ ಎಲ್ಲಿಂದ ಬಂತು? ಹೆಚ್ಚಿನ ಕಡೆ ಅದು ಕಾಫಿ ಒಣಗಿಸುವ ಕಣದ ಪಕ್ಕದ ಗೋದಾಮಿನ ಗೋಡೆ. ಕಣದ ಸಿಮೆಂಟು ನೆಲದ ಮೇಲೆ ಚೆಂಡು ಮೈದಾನಕ್ಕಿಂತ ವೇಗವಾಗಿ ಬರುತ್ತದೆ, ಹಾಗಾಗಿ ಮೊದಲ ಸ್ಪರ್ಶ ಚುರುಕಾಗುತ್ತದೆ. ಆದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಕಣದ ತುಂಬ ಹಣ್ಣು. ಅರೇಬಿಕಾ ಎದ್ದರೆ ರೋಬಸ್ಟಾ ಬೀಳುತ್ತದೆ. ಕಾಫಿ ರಾಶಿಗೆ ಒಮ್ಮೆ ಚೆಂಡು ಬಿದ್ದರೆ ಎಸ್ಟೇಟಿನ ಗುಮಾಸ್ತ ರೈಟರ್ ಬಾಯಿಂದ ಬರುವ ಮಾತು ಇಡೀ ಸೀಸನ್ನಿಗೆ ಸಾಕು. ಮಳೆಗಾಲದಲ್ಲಿ ಕಣ ಖಾಲಿ, ಆದರೆ ಪಾಚಿ ಕಟ್ಟಿ ಜಾರುತ್ತದೆ. ಹೀಗಾಗಿ ನಮ್ಮ ಕಡೆ ಗೋಡೆ ಅಭ್ಯಾಸದ ನಿಜವಾದ ಕಾಲ ಏಪ್ರಿಲ್ ಮೇ, ಮತ್ತೆ ಅಕ್ಟೋಬರ್ ನವೆಂಬರ್. ಗದ್ದೆ ಕೊಯ್ಲಾದ ಮೇಲೆ ಜನವರಿಯಲ್ಲಿ ಗದ್ದೆ ಬಯಲು ಸಿಗುತ್ತದೆ. ಕೂಳೆ ಚುಚ್ಚುತ್ತದೆ, ಚೆಂಡು ಎತ್ತ ಬೇಕಾದರೂ ಎಗರುತ್ತದೆ, ಗೋಲ್‌ಕೀಪರ್ ತಯಾರಾಗಲು ಅದಕ್ಕಿಂತ ಒಳ್ಳೆ ಜಾಗವಿಲ್ಲ. ಕೋಚ್ ಯಾವ ತಿಂಗಳಲ್ಲಿ ಏನು ಮಾಡಿಸುತ್ತಿದ್ದರು ಎಂದು ಕೇಳದೆ ಬರೆದ ನೆನಪು ಅರ್ಧ ನೆನಪು.

ಮಳೆಗಾಲದ ಪಾಠ ಬೇರೆಯೇ. ಕೆಂಪು ಮಣ್ಣಿನ ಮೈದಾನ ಒದ್ದೆಯಾದರೆ ಮೊದಲು ಜಾರುತ್ತದೆ, ಆಮೇಲೆ ಅಂಟುತ್ತದೆ. ಜಾರುವ ಹಂತದಲ್ಲಿ ನೆಲದ ಪಾಸು ಅಂದಾಜಿಗಿಂತ ಮುಂದೆ ಹೋಗುತ್ತದೆ. ಅಂಟುವ ಹಂತದಲ್ಲಿ ನಡುದಾರಿಯಲ್ಲೇ ನಿಲ್ಲುತ್ತದೆ. ಒಂದೇ ಪಂದ್ಯದಲ್ಲಿ ಎರಡೂ ಆಗುವುದುಂಟು. ಅದಕ್ಕೇ ಹಳೇ ಕೋಚ್‌ಗಳು ಪಂದ್ಯಕ್ಕೆ ಮುಂಚೆ ಮೈದಾನದ ನಾಲ್ಕೂ ಮೂಲೆಗೆ ಚೆಂಡು ಉರುಳಿಸಿ ನೋಡುತ್ತಿದ್ದರು. ನೋಡುವವರಿಗೆ ಅದು ಶಾಸ್ತ್ರ, ಅವರಿಗೆ ಅದು ಲೆಕ್ಕ.

ಇನ್ನು ಚರ್ಮದ ಚೆಂಡಿನ ಕಾಲದವರು ಹೇಳುವ ನೆನಪುಗಳಲ್ಲಿ ಚೆಂಡಿನ ಆರೈಕೆಯದ್ದೇ ಒಂದು ಅಧ್ಯಾಯ. ಈಗಿನ ನಿಯಮದ ಪ್ರಕಾರ ಚೆಂಡಿನ ತೂಕ ಆಟದ ಆರಂಭದಲ್ಲಿ 410ರಿಂದ 450 ಗ್ರಾಂ. ಆರಂಭದಲ್ಲಿ ಅನ್ನುವ ಮಾತು ಮುಖ್ಯ. ಚರ್ಮದ ಚೆಂಡು ಹದಿನೈದು ನಿಮಿಷದ ಮಳೆ ಕುಡಿದರೆ ಆ ಲೆಕ್ಕ ಮುಗಿಯಿತು. ಒದ್ದೆ ಚೆಂಡನ್ನು ಒಲೆ ಪಕ್ಕ ಇಟ್ಟರೆ ಚರ್ಮ ಗಡುಸಾಗಿ ಹೊಲಿಗೆ ಬಳಿ ಸೀಳುತ್ತದೆ. ಗಾಳಿ ಪೂರ್ತಿ ಬಿಟ್ಟು ಒಣಗಿಸಿದರೆ ಆಕಾರ ಕೆಡುತ್ತದೆ. ಅರ್ಧ ಗಾಳಿ ಇಟ್ಟು, ಒರೆಸಿ, ನೆರಳಲ್ಲಿ ಎರಡು ದಿನ ಒಣಗಿಸಿ, ಹೊಲಿಗೆ ಗೆರೆಗೆ ಕೊಬ್ಬು ಸವರಬೇಕು. ಪಂಪಿನ ಸೂಜಿಯನ್ನು ಒಣಗಿದ್ದಂತೆಯೇ ಚುಚ್ಚಿದರೆ ವಾಲ್ವಿನ ರಬ್ಬರ್ ಹರಿಯುತ್ತದೆ. ಒದ್ದೆ ಮಾಡಿ, ತಿರುಗಿಸುತ್ತಾ ಒಳಕ್ಕೆ ಬಿಡಬೇಕು. ಇದು ಇವತ್ತಿನ ಸಿಂಥೆಟಿಕ್ ಚೆಂಡಿಗೂ ಅನ್ವಯ. ಆದರೂ ಪ್ರತಿ ಕ್ಲಬ್ಬಿನ ಮೂಲೆಯಲ್ಲೂ ಈ ಒಂದೇ ತಪ್ಪಿಗೆ ಸತ್ತ ನಾಲ್ಕು ಚೆಂಡು ಬಿದ್ದಿರುತ್ತವೆ.

ನೆನಪುಗಳನ್ನು ಕೂಡಿಸಲು ಹೊರಟವರು ಮೊದಲು ಬಿಡಬೇಕಾದ ಪ್ರಶ್ನೆ, ಅವರು ಹೇಗಿದ್ದರು ಎಂಬುದು. ಅದಕ್ಕೆ ಬರುವ ಉತ್ತರ ದೇವರಂಥವರು. ಕೂತು ಕೇಳಬೇಡಿ, ಮೈದಾನಕ್ಕೆ ಕರೆದುಕೊಂಡು ಹೋಗಿ ಕೇಳಿ, ಕಾಲ ಬಳಿ ಒಂದು ಚೆಂಡು ಹಾಕಿ. ಸೀಟಿ ಊದಿದ ಮೇಲೆ ಮೊದಲು ಏನು ಮಾಡಿಸುತ್ತಿದ್ದರು, ಎಷ್ಟು ಸುತ್ತು, ಎತ್ತ ಕಡೆಯಿಂದ? ಕಾರ್ನರಿಗೆ ಯಾರು ಎಲ್ಲಿ ನಿಲ್ಲಬೇಕಿತ್ತು? ಹಾಫ್‌ಟೈಮಿನಲ್ಲಿ ಮೊದಲು ಯಾರ ಹತ್ತಿರ ಹೋಗುತ್ತಿದ್ದರು? ಸೋತ ದಿನ ವ್ಯಾನಿನಲ್ಲಿ ಎಲ್ಲಿ ಕೂರುತ್ತಿದ್ದರು? ಚೀಲದಲ್ಲಿ ಏನಿರುತ್ತಿತ್ತು? ಈ ಕೊನೆಯ ಪ್ರಶ್ನೆ ಎಂದೂ ಸೋಲುವುದಿಲ್ಲ. ಪಂಪು, ಸೂಜಿ, ಸುಣ್ಣದ ದಾರ, ಬೂಟಿನ ಲೇಸು ತುಂಡು, ಅಯೋಡೆಕ್ಸ್ ಡಬ್ಬಿ, ಉಪ್ಪು ಹಾಕಿದ ನಿಂಬೆಹಣ್ಣು, ಮಳೆಗಾಲವಾದರೆ ಜಿಗಣೆಗೆ ಹೊಗೆಸೊಪ್ಪು. ಚೀಲ ಬಿಚ್ಚಿದರೆ ಮನುಷ್ಯ ಹೊರಗೆ ಬರುತ್ತಾನೆ.

ಹೇಳುವವರು ತಮ್ಮ ಮಾತಲ್ಲೇ ಹೇಳಲಿ: ಕೊಡವ ತಕ್ಕ್, ಮಲಯಾಳ, ಅರೆಭಾಷೆ, ತುಳು, ತಮಿಳು, ಯಾವುದಾದರೂ ಸರಿ. ಕೋಚ್ ಮೈದಾನದಲ್ಲಿ ಕೂಗಿದ ಮಾತನ್ನು ಶುದ್ಧ ಕನ್ನಡಕ್ಕೆ ತಿದ್ದಿದರೆ ಅದು ಅವರ ಮಾತಾಗಿ ಉಳಿಯುವುದಿಲ್ಲ, ಬೈಗುಳವಾಗಿದ್ದರಂತೂ. ರೆಕಾರ್ಡ್ ಮಾಡುವ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ನಡುವೆ ಕಾಲ್ ಬಂದು ಅರ್ಧಕ್ಕೆ ನಿಂತ ರೆಕಾರ್ಡಿಂಗನ್ನು ಅದೇ ಉತ್ಸಾಹದಲ್ಲಿ ಮತ್ತೆ ಹೇಳುವ ಅಜ್ಜ ಯಾರೂ ಇಲ್ಲ. ಮೈದಾನದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಫೋನು ಬಾಯಿಂದ ಒಂದು ಗೇಣು ದೂರ, ಮೈಕಿನ ತೂತಿನ ಮೇಲೆ ತೆಳು ಕರ್ಚೀಫಿನ ಒಂದು ಪದರ. ಶುರುವಿನಲ್ಲಿ ದಿನಾಂಕ, ಜಾಗ, ಹೇಳುವವರ ಹೆಸರು ಹೇಳಿಬಿಡಿ. ಒಬ್ಬರಿಗೆ ನಲವತ್ತು ನಿಮಿಷ ಸಾಕು. ಇಬ್ಬರನ್ನು ಕೂಡಿಸಿ ಕೇಳುವುದಾದರೆ ಒಬ್ಬ ಫಾರ್ವರ್ಡ್, ಒಬ್ಬ ಡಿಫೆಂಡರ್ ಇರಲಿ. ಇಬ್ಬರು ಫಾರ್ವರ್ಡುಗಳು ಕೂತರೆ ಕೋಚ್ ಮಾಯವಾಗಿ ಬರೀ ಗೋಲು ಉಳಿಯುತ್ತವೆ. ಹನ್ನೊಂದರಲ್ಲಿ ಆಡದೆ ಬೆಂಚಿನಲ್ಲೇ ವರ್ಷ ಕಳೆದವನನ್ನು ಮರೆಯಬೇಡಿ. ಕೋಚ್ ಪಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತವನು ಅವನೇ.

ಇಸವಿ ಕೇಳಿದರೆ ತಪ್ಪು ಬರುತ್ತದೆ. ನಮ್ಮ ಜನ ವರ್ಷವನ್ನು ನೆನಪಿಡುವುದು ಬೇರೆ ಗುರುತಿನಿಂದ. 1986ರಲ್ಲಿ ಮರಡೋನಾನನ್ನು ಟಿವಿಯಲ್ಲಿ ನೋಡುವ ಮುಂಚೆಯೋ ಆಮೇಲೋ? 1994ರಲ್ಲಿ ಬ್ರೆಜಿಲಿನ ತೋಟಗಳು ಚಳಿಗೆ ಸುಟ್ಟು ಇಲ್ಲಿ ಕಾಫಿ ಬೆಲೆ ಏರಿದಾಗ ಅವರು ಇದ್ದರೋ? (ಬ್ರೆಜಿಲ್ ನಮಗೆ ಎರಡು ದಾರಿಯಿಂದ ಬೇಕಾದ ದೇಶ.) 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ವರ್ಷ ಪ್ರಾಕ್ಟೀಸ್ ನಡೆದಿತ್ತೋ? ಹೀಗೆ ಗೂಟ ಹೊಡೆದರೆ ಇಸವಿ ತಾನಾಗಿ ಕಟ್ಟಿಕೊಳ್ಳುತ್ತದೆ. ಸ್ಕೋರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 1-0 ಗೆಲುವು ಇಪ್ಪತ್ತು ವರ್ಷದಲ್ಲಿ 3-0 ಆಗುತ್ತದೆ. ಗೋಲು ಯಾವಾಗಲೂ ಕೊನೆಯ ನಿಮಿಷಕ್ಕೆ ಸರಿಯುತ್ತದೆ.

ಇದು ನಮ್ಮೂರಿನ ದೋಷವಲ್ಲ, ದೇಶದ್ದೇ ಹಾಗೆ. 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದದ್ದು ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು, ಈ ಕತೆ ಹೇಳದ ಚಹಾ ಅಂಗಡಿ ಇಲ್ಲ. ಫುಟ್ಬಾಲ್ ಫೆಡರೇಷನ್ ಆಗ ಕೊಟ್ಟ ಕಾರಣಗಳು ತಂಡದ ಆಯ್ಕೆಯ ತಕರಾರು, ಅಭ್ಯಾಸಕ್ಕೆ ಸಮಯ ಸಾಲದು ಎಂಬಂಥವು. ಬರಿಗಾಲು ನಿಜವಾಗಿ ಇದ್ದದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಹೆಚ್ಚಿನವರು ಬೂಟಿಲ್ಲದೆ ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸ್‌ಗೆ 2-1ಕ್ಕೆ ಸೋತರು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ಇದನ್ನು ಕನ್ನಡಿಗರಿಗೇ ಹೇಳಬೇಕಾಗಿ ಬರುತ್ತದೆ. ಸುಳ್ಳು ಕತೆ ಮನೆಮನೆಯಲ್ಲಿದೆ, ನಮ್ಮವನ ಗೋಲು ಮೂಲೆಯಲ್ಲಿದೆ.

ಫೋಟೊ ವಿಷಯದಲ್ಲಿ ಕೊಡಗಿನ ಹವೆಯೇ ಶತ್ರು. ಹೊರಗೋಡೆಗೆ ತಾಗಿಸಿಟ್ಟ ಗಾಡ್ರೇಜಿನೊಳಗೆ ಎರಡು ಮಳೆಗಾಲ ಕಳೆದ ತಂಡದ ಫೋಟೊ ಬೂಷ್ಟು ಹಿಡಿದು ಮುಖಗಳನ್ನೇ ತಿಂದಿರುತ್ತದೆ. ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಜೊತೆ ಮುಖವೂ ಬರುತ್ತದೆ. ಮೊದಲು ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಟ್ಟು ಒಣಗಿಸಿ, ಆಮೇಲೆ ಮೆತ್ತನೆ ಬ್ರಷ್. ಅಂಟು ಹಾಳೆಯ ಆಲ್ಬಮ್ಮಿನಿಂದ ಕಿತ್ತರೆ ಹರಿಯುತ್ತದೆ. ಹಾಳೆ ಸಮೇತ ತೆಗೆಯಿರಿ. ಸ್ಕ್ಯಾನರ್ ಇದ್ದರೆ 600 ಡಿಪಿಐ. ಇಲ್ಲದಿದ್ದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೊಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಹಿಂಬದಿಗೆ ಹೆಸರು ಬರೆಯುವಾಗ ಪೆನ್ಸಿಲ್. ನಿಂತವರು, ಕೂತವರು, ಎಡದಿಂದ ಬಲಕ್ಕೆ. ಗುರುತು ಸಿಗದವನ ಜಾಗ ಖಾಲಿ ಬಿಡಿ, ಊಹೆ ಬರೆಯಬೇಡಿ. ಒಮ್ಮೆ ಬರೆದ ಊಹೆ ಮೂರನೇ ಪ್ರತಿಯಲ್ಲಿ ಸತ್ಯವಾಗುತ್ತದೆ.

ಹಳೇ ಕೋಚ್‌ಗಳು ಹೇಳಿಕೊಟ್ಟದ್ದೆಲ್ಲ ಚಿನ್ನವೂ ಅಲ್ಲ, ಸಂತಾಪ ಸಭೆಯಲ್ಲಿ ಹೇಳಲಾಗದ ಮಾತು ಇದು. ಪ್ರಾಕ್ಟೀಸ್ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂದು ನೀರು ಮುಟ್ಟಿಸದ ಕಾಲವಿತ್ತು. ಏಪ್ರಿಲ್ ಬಿಸಿಲಲ್ಲಿ ಅದು ನೇರ ಅಪಾಯ. ಉಳುಕಿದ ಕಣಕಾಲನ್ನು ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕುತ್ತಿದ್ದರು. ಹೊಸ ನೋವಿಗೆ ಬಿಸಿಯೂ ಬೇಡ, ತಿಕ್ಕುವುದೂ ಬೇಡ, ಬಾವು ಹೆಚ್ಚುತ್ತದೆ. ಒದ್ದೆ ಚರ್ಮದ ಚೆಂಡಿಗೆ ಸಾಲಾಗಿ ಇಪ್ಪತ್ತು ಹೆಡ್ಡಿಂಗ್ ಮಾಡಿಸುತ್ತಿದ್ದದ್ದನ್ನು ಹಳಬರು ಹೆಮ್ಮೆಯಿಂದಲೇ ಹೇಳುತ್ತಾರೆ. 2020ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ಪ್ರೈಮರಿ ವಯಸ್ಸಿನ ಮಕ್ಕಳ ತರಬೇತಿಯಿಂದ ಹೆಡ್ಡಿಂಗನ್ನೇ ತೆಗೆದುಹಾಕಿತು, ಮಿದುಳಿನ ಮೇಲಿನ ಪರಿಣಾಮದ ಅನುಮಾನಕ್ಕೆ. ಇವನ್ನು ಮುಚ್ಚಿಡುವುದು ಬೇಡ. ಅವರು ಹೀಗೆ ಮಾಡಿಸುತ್ತಿದ್ದರು, ಈಗ ಮಾಡಿಸಬಾರದು, ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ. ರಹೀಂ ಅವರ ತಂಡವೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತಿತ್ತು. ಆ ಸೋಲಿನ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು. ಅದನ್ನು ಬಿಟ್ಟು ಜಕಾರ್ತಾ ಹೇಳಿದರೆ ಹತ್ತು ವರ್ಷದ ಕಲಿಕೆ ಕಾಣುವುದಿಲ್ಲ.

ಕೋಲ್ಕತ್ತಾದವರು ಇದರಲ್ಲಿ ಪರವಾಗಿಲ್ಲ, ಅಲ್ಲಿ ಅಭಿಮಾನಿಗಳು ಕೋಚನ್ನು ಒಂದು ಪದದಲ್ಲಿ ಹಿಡಿದಿಡುತ್ತಾರೆ. ಪಿ.ಕೆ. ಬ್ಯಾನರ್ಜಿ ಅಂದರೆ ವೋಕಲ್ ಟಾನಿಕ್, ಪಂದ್ಯಕ್ಕೆ ಮುಂಚಿನ ಅವರ ಹುರಿದುಂಬಿಸುವ ಮಾತು. ಅಮಲ್ ದತ್ತಾ ಅಂದರೆ ಡೈಮಂಡ್, ಆಟಗಾರರನ್ನು ವಜ್ರದ ಆಕಾರದಲ್ಲಿ ನಿಲ್ಲಿಸುವ ಅವರ ವ್ಯೂಹ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಸಾಲ್ಟ್ ಲೇಕ್ ಮೈದಾನದಲ್ಲಿ 1,31,000 ಜನರ ಮುಂದೆ ದತ್ತಾರ ಮೋಹನ್ ಬಾಗಾನ್, ಪಿ.ಕೆ.ಯವರ ಈಸ್ಟ್ ಬೆಂಗಾಲಿಗೆ 4-1ರಿಂದ ಸೋತಿತು. ಬೈಚುಂಗ್ ಭುಟಿಯಾ ಮೂರು ಗೋಲು. ಸೋತರೂ ಡೈಮಂಡ್ ಪದ ಸಾಯಲಿಲ್ಲ. ದತ್ತಾ 2016ರಲ್ಲಿ, ಪಿ.ಕೆ. 2020ರಲ್ಲಿ ತೀರಿಕೊಂಡಾಗ ಅಭಿಮಾನಿಗಳು ಮಾತಾಡಿದ್ದು ಆ ಎರಡು ಪದಗಳ ಸುತ್ತಲೇ. ನಮ್ಮ ಊರಿನ ಕೋಚ್‌ಗೂ ಅಂಥ ಒಂದು ಪದ ಇದ್ದೇ ಇರುತ್ತದೆ. ಫ್ಲೆಕ್ಸಿನ ಮೇಲೆ ಹಾಕಬೇಕಾದದ್ದು ಅದು.

ಕೊನೆಗೆ ಆ ಸ್ಮಾರಕ ಕಪ್. ಸೆವೆನ್ಸ್ ನಡೆಯಲಿ, ಹೊರಗಿನ ತಂಡಗಳು ಬರಲಿ, ನಗದು ಬಹುಮಾನ ಇರಲಿ. ಆದರೆ ಮೂರನೇ ವರ್ಷಕ್ಕೆ ಟ್ರೋಫಿ ಮೇಲಿನ ಹೆಸರು ಯಾರದೆಂದು ಹೊರಗಿನ ತಂಡಕ್ಕೂ ಗೊತ್ತಿರುವುದಿಲ್ಲ, ಒಳಗಿನ ಹುಡುಗರಿಗೂ ಗೊತ್ತಿರುವುದಿಲ್ಲ. ಫೈನಲ್ಲಿಗೆ ಮುಂಚೆ ಒಂದು ಗಂಟೆ ಕೇಳಿಕೊಂಡು ಎರಡು ಆಟ ಆಡಿಸಬಹುದು. ಮೊದಲನೆಯದು ಅವರ ಹಳೇ ಆಟಗಾರರದ್ದು: ಹತ್ತು ಹತ್ತು ನಿಮಿಷ, ಸ್ಲೈಡಿಂಗ್ ಇಲ್ಲ, ಎಷ್ಟು ಬಾರಿ ಬೇಕಾದರೂ ಬದಲಿ. ಹಳಬರ ಪಂದ್ಯದಲ್ಲಿ ಸಾಮಾನ್ಯವಾಗಿ ಹರಿಯುವುದು ಎರಡು, ಹಿಮ್ಮಡಿ ನರ ಮತ್ತು ಬೂಟು. ನರ ಹರಿಯುವುದು ಮೈ ಬಿಸಿಯಾಗದೆ ಮೊದಲ ನಿಮಿಷದಲ್ಲೇ ಹಳೇ ವೇಗದಲ್ಲಿ ಓಡುವುದರಿಂದ. ಹದಿನೈದು ನಿಮಿಷ ನಡಿಗೆ, ನಿಧಾನ ಓಟ, ಅಡ್ಡ ಹೆಜ್ಜೆ ಮಾಡಿಸದೆ ಸೀಟಿ ಊದಬೇಡಿ. ಬೂಟಿನ ಕತೆ ಬೇರೆ. ಅಟ್ಟದ ಮೇಲೆ ಹತ್ತು ವರ್ಷ ಇಟ್ಟ ಬೂಟು ನೋಡಲು ಹೊಸದರಂತೆ ಇರುತ್ತದೆ, ಮೂರನೇ ಹೆಜ್ಜೆಗೆ ಬೂಟಿನ ತಳ ಕಿತ್ತು ಬರುತ್ತದೆ. ಪಾಲಿಯುರೆಥೇನ್ ತಳ ತೇವಾಂಶ ಹೀರಿ ಒಳಗೊಳಗೇ ಪುಡಿಯಾಗುತ್ತದೆ, ನಮ್ಮ ಹವೆಯಲ್ಲಿ ಇನ್ನೂ ಬೇಗ. ಹಿಂದಿನ ವಾರ ಬೂಟು ಹಾಕಿ ಕಲ್ಲಿನ ಮೇಲೆ ನಾಲ್ಕು ಸಲ ಕುಣಿದು ನೋಡಿಕೊಳ್ಳಲಿ. ಎದೆನೋವಿನ ಇತಿಹಾಸ ಇರುವವರು ಲೈನ್ಸ್‌ಮನ್ ಆಗಲಿ, ಬಾವುಟ ಹಿಡಿದು ನಿಂತರೂ ಅದು ಮೈದಾನವೇ.

ಎರಡನೆಯದು ಹುಡುಗರದ್ದು, ಹದಿನಾಲ್ಕರ ಒಳಗಿನವರು, ಏಳೇಳು ಜನ, ಇಪ್ಪತ್ತು ನಿಮಿಷ. ನಿಯಮ ಒಂದೇ: ದುರ್ಬಲ ಕಾಲಿನ ಗೋಲು ಮಾತ್ರ ಲೆಕ್ಕಕ್ಕೆ. ಪಾಸಿಗೆ ಯಾವ ಕಾಲಾದರೂ ಸರಿ, ಇಲ್ಲದಿದ್ದರೆ ಆಟವೇ ನಡೆಯುವುದಿಲ್ಲ. ಯಾರದು ಯಾವ ಕಾಲು ಎಂಬ ಜಗಳ ಬರದಿರಲು ಆರಂಭಕ್ಕೆ ಮುಂಚೆ ಎಲ್ಲರಿಂದ ಒಂದೊಂದು ಪೆನಾಲ್ಟಿ ಹೊಡೆಸಿ. ಯೋಚಿಸದೆ ಹೊಡೆದ ಕಾಲಿಗೆ ರಿಬ್ಬನ್ ಕಟ್ಟಿಬಿಡಿ. ರಿಬ್ಬನ್ ಕಾಲಿನ ಗೋಲು ಇಲ್ಲ. ಮೊದಲ ಐದು ನಿಮಿಷ ಜನ ನಗುತ್ತಾರೆ, ಚೆಂಡು ಗೋಲಿನ ಪಕ್ಕ, ಮೇಲೆ, ತೋಟದೊಳಗೆ ಹೋಗುತ್ತದೆ. ಆಮೇಲೆ ಒಬ್ಬ ಹುಡುಗನ ಬಲಗಾಲು ಸರಿಯಾಗಿ ಊರುತ್ತದೆ.

ಮೇ ಕೊನೆಯ ವಾರದಲ್ಲಿ ಸಂಜೆ ಮಳೆ ಶುರುವಾಗಿರುತ್ತದೆ, ನೆಲ ಮೆತ್ತಗಿರುತ್ತದೆ. ಪಂದ್ಯ ಮುಗಿದ ಮೇಲೆ ಹುಡುಗರನ್ನು ಗೋಲಿನ ಮುಂದಕ್ಕೆ ಕರೆದು ಕೆಸರು ತೋರಿಸಿ. ಸ್ಟಡ್ಡಿನ ಅಚ್ಚಿನಲ್ಲಿ ಎಲ್ಲವೂ ಬರೆದಿರುತ್ತದೆ. ಹಿಮ್ಮಡಿ ಆಳಕ್ಕೆ ಇಳಿದಿದ್ದರೆ ಎದೆ ಹಿಂದಕ್ಕೆ ವಾಲಿತ್ತು. ಹೆಬ್ಬೆರಳು ಕಾರ್ನರ್ ಬಾವುಟದ ಕಡೆ ತಿರುಗಿದ್ದರೆ ಚೆಂಡೂ ಅತ್ತಲೇ ಹೋಗಿದೆ. ಚೆಂಡು ಕೂತಿದ್ದ ಗುಳಿಯಿಂದ ಬಲಗಾಲಿನ ಅಚ್ಚಿಗೆ ಗೇಣು ಹಾಕಿ ನೋಡಲಿ. ಒಂದು ಗೇಣಿದ್ದರೆ ಸರಿ. ಎರಡಿದ್ದರೆ ಮತ್ತೆ ಒಂದರಿಂದ.